ಹನ್ನೆರಡು ಮಾರು

ನಮ್ಮ ಅಪ್ಪಯ್ಯ ಮಾತು ಕೊಟ್ಟದ್ದು ಒಂದು ನೀರುನಾಯಿಗೆ.

ಇದನ್ನು ಹೇಳಿದರೆ ಜನ ಈಗಲೂ ನಗುತ್ತಾರೆ. ನಗಲಿ. ತೊಂಬತ್ಮೂರನೆಯ ಇಸವಿ, ನನಗೆ ಹತ್ತು ವರ್ಷ. ಕೋಡಿಗೂ ಕೋಟೇಶ್ವರಕ್ಕೂ ನಡುವೆ ನಮ್ಮ ಕೆಳಕೇರಿ, ಕೇರಿಯ ಹಿಂದೆ ಸಣ್ಣಹೊಳೆ. ಭರತಕ್ಕೆ ಉಪ್ಪುನೀರು ಒಳಗೆ ಬರಬೇಕು, ಇಳಿತಕ್ಕೆ ಹೊರಗೆ ಹೋಗಬೇಕು, ಅಷ್ಟೇ ಆ ಹೊಳೆಯ ಕೆಲಸ. ಅಳಿವೆಯ ಬದಿಗೆ ಒಂದು ಕಾಂಡ್ಲ ಕಾಡು, ಗದ್ದೆಯ ಬದಿಗೆ ಇನ್ನೊಂದು. ಬೇರುಗಳನ್ನು ಕೆಸರಿನ ಮೇಲೆ ಊರಿಕೊಂಡು ಉಪ್ಪುನೀರಲ್ಲೇ ನಿಲ್ಲುವ ಮರಗಳು. ಎರಡು ಕಾಡಿನ ನಡುವೆ ಮುರಕಲ್ಲಿನ ಒಂದು ಬಾಗಿಲಿತ್ತು. ಆಚೆ ಒಂದು ಕಂಬ, ಈಚೆ ಒಂದು ಕಂಬ, ಕಂಬಗಳಲ್ಲಿ ಹಲಗೆ ಇಳಿಸಲು ಕೊರೆದ ಗೀರು. ಬೇಸಗೆಯಲ್ಲಿ ಗದ್ದೆಗೆ ಉಪ್ಪು ಏರದ ಹಾಗೆ ಹಲಗೆ ಇಳಿಸುವುದು, ಮಳೆ ಬಂದ ಮೇಲೆ ಎತ್ತುವುದು. ಅದು ಅಪ್ಪಯ್ಯನ ಕೆಲಸ. ಹೆಸರು ಗುಡ್ಡ, ಹೆಸರಿಗೆ ತಕ್ಕ ಆಳು, ಬಾಗದೆ ನಮ್ಮ ಮನೆಯ ಬಾಗಿಲು ದಾಟಿದವನಲ್ಲ. ಅಷ್ಟಮಿಯ ಹೊತ್ತಿಗೆ ಹೊಳೆಯಲ್ಲಿ ಏರಿಳಿತ ಕಡಿಮೆ ಅಲ್ಲವೆ, ಆಗ ತಳದ ಹಲಗೆಯನ್ನು ಒಂದು ಗೇಣು ಎತ್ತಿಡುತ್ತಿದ್ದ. ಯಾಕೆಂದು ಕೇಳಿದರೆ, "ಮೀನಿನ ಮರಿಗೆ ಹೋಪುಕೆ ಬಪ್ಪುಕೆ ದಾರಿ ಬ್ಯಾಡ್ದಾ?" ಎನ್ನುತ್ತಿದ್ದ.

ಆ ವರ್ಷ ಸೀಗಡಿ ಕಂಪೆನಿಯವರು ಬಂದರು. ಗದ್ದೆಯ ಬದಿಯ ಜಾಗ ಶೆಟ್ಟರ ಮನೆಯದು, ಎರಡು ವರ್ಷಕ್ಕೆ ಲೀಸಿಗೆ ಹೋಯಿತು. ಕಾಂಡ್ಲ ಕಡಿದು ಕೆರೆ ತೋಡಿದರು. ಹೊಳೆಗೆ ಅಡ್ಡ ಗಟ್ಟಿ ದಂಡೆ ಬೇಕು, ಬಾಗಿಲು ಒಡೆದು ಮಣ್ಣು ತುಂಬು ಎಂದು ಅಪ್ಪಯ್ಯನಿಗೇ ಹೇಳಿದರು. ಅವನೂ ಅವನ ಜೊತೆಗಾರ ತಿಮ್ಮನೂ ಹದಿನಾರು ದಿನ ಮಣ್ಣು ಹೊತ್ತರು. ಕೊನೆಯ ದಿನ ದಂಡೆಯ ಒಳಬದಿಯಿಂದ ಒಂದು ನೀರುನಾಯಿ ಎದ್ದು ಬಂತಂತೆ. ಹಿಂದೆ ಎರಡು ಮರಿ. ಹಿಂಗಾಲ ಮೇಲೆ ನೆಟ್ಟಗೆ ನಿಂತು ಅಪ್ಪಯ್ಯನ ಮುಖ ನೋಡಿ ಸಿಳ್ಳೆ ಹಾಕಿತಂತೆ. ಅಪ್ಪಯ್ಯ ಬುಟ್ಟಿ ಕೆಳಗಿಟ್ಟು ಅದಕ್ಕೆ ಹೇಳಿದ: "ಎರಡೇ ವರ್ಷ. ಆಮೇಲೆ ನಾನೇ ಬಿಡ್ಸಿ ಕೊಡ್ತೆ. ಮಾತ್ ಅಂದ್ರೆ ಮಾತ್."

ತಿಮ್ಮ ಅದನ್ನು ಸಾರಾಯಿ ಗಡಂಗಿನಲ್ಲಿ ಹೇಳಿದ. ಮರುದಿನಕ್ಕೆ ಅಪ್ಪಯ್ಯ 'ನಾಯಿಗುಡ್ಡ' ಆದ. ಶಾಲೆಯಲ್ಲಿ ನಾನು 'ನೀರ್‌ನಾಯಿ ತಂಗಿ' ಆದೆ.

ಎರಡು ವರ್ಷ ತುಂಬುವ ಮೊದಲೇ ಸೀಗಡಿಗೆ ರೋಗ ಬಿದ್ದು ಕೆರೆಯೆಲ್ಲ ನಾರಿತು. ಕಂಪೆನಿ ಓಡಿತು, ದಂಡೆ ಉಳಿಯಿತು. ಅಪ್ಪಯ್ಯ ಹಾರೆ ಹಿಡಿದುಕೊಂಡು ಹೋದ. ದೊಡ್ಡ ಶೆಟ್ಟರು ಕಂಪ್ಲೇಂಟ್ ಕೊಟ್ಟು, ಠಾಣೆಯಲ್ಲಿ ಒಂದು ಹಗಲು ಕೂರಿಸಿದರು. ಎರಡನೆಯ ಸಲ ಹೋದಾಗ ದಂಡೆಯ ಮೇಲೆ ಜಲ್ಲಿ ಬಿದ್ದು ರಸ್ತೆಯಾಗಿತ್ತು. ಮೂರನೆಯ ಸಲಕ್ಕೆ ಅವನ ಸೊಂಟ ಏಳಲಿಲ್ಲ.

ತೀರಿಕೊಳ್ಳುವ ಮೊದಲು ನನ್ನನ್ನು ಕರೆದು ಹೇಳಿದ್ದು ಮನೆಯ ವಿಷಯವಲ್ಲ. "ಬಾಗ್ಲ್ ಒಡಿ ಅಂದಿದ್ರ್. ನಾನ್ ಒಡಿಲಿಲ್ಲೆ ಪದ್ದು. ಹಾಂಗೇ ಇಟ್ಟ್ ಮಣ್ಣ್ ಮುಚ್ಚಿದೆ. ದಂಡೆ ತುದಿಯ ಹೊನ್ನೆಮರದ ಬುಡದಿಂದ ತೆಂಕಿಗೆ ಹನ್ನೆರಡು ಮಾರು. ನೆನ್ಪಿಟ್ಕೊ."

ನೆನಪಿಟ್ಟುಕೊಂಡೆ. ಮಾಡುವುದಕ್ಕೆ ಮಾತ್ರ ಪುರುಸೊತ್ತು ಇರಲಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಂದರಿಗೆ ಹೋಗಿ ಮೀನು ಹಿಡಿದುಕೊಂಡು, ಕೋಟೇಶ್ವರದಲ್ಲಿ ಕೂತು ಮಾರಿ, ಮಧ್ಯಾಹ್ನ ಮನೆಗೆ ಬಂದು, ಮಗಳು ಮೋಕ್ಷಿತಾಳ ಯೂನಿಫಾರ್ಮ್ ಒಗೆದು... ಗಂಡ ಮುಂಬೈಗೆ ಹೋದವನು ಫೋನಿನಲ್ಲಿ ಮಾತ್ರ ಇದ್ದಾನೆ. ಸತ್ತವರ ಮಾತು ನಡೆಸಲು ಬದುಕಿದ್ದವರಿಗೆ ರಜೆ ಬೇಕು. ನನಗೆ ಯಾರು ಕೊಡುತ್ತಾರೆ?

ರಜೆ ಕೊಟ್ಟದ್ದು ಒಂದು ಹೆಣ. ಕಳೆದ ಜನವರಿಯಲ್ಲಿ ದಂಡೆಯ ರಸ್ತೆಯ ಮೇಲೆ ಒಂದು ನೀರುನಾಯಿ ಸತ್ತು ಬಿದ್ದಿತ್ತು, ಯಾವುದೋ ಟಿಪ್ಪರ್ ಹತ್ತಿ ಹೋದದ್ದು. ಹೆಣ್ಣು. ಮೊಲೆಯಲ್ಲಿ ಹಾಲಿತ್ತು. ಮೀನಿನ ಬುಟ್ಟಿ ಇಳಿಸಿ, ಅದರ ಮೇಲಿನ ಬಾಳೆಲೆ ತೆಗೆದು, ಅದರಲ್ಲಿ ಸುತ್ತಿ ಹೊನ್ನೆಮರದ ಹತ್ತಿರ ಮಣ್ಣು ಮಾಡಿದೆ. ಮೀನಿನವರ ಸಾಲಿನಲ್ಲಿ ನನ್ನ ಪಕ್ಕ ಕೂರುವ ಸ್ನೇಹಲತಾ ತಡವಾಗಿ ಬಂದ ನನ್ನನ್ನು ನೋಡಿ, "ಹ್ವಾಯ್ ಪದ್ದು, ಎಂತ, ನಿಮ್ಮ ನೆಂಟ್ರ್ ತೀರ್ಕಂಡ್ರಂಬ್ರಲೆ?" ಎಂದಳು.

"ಹೌದ್," ಎಂದೆ. "ಬಾಣಂತಿ."

ಅವಳು ಮತ್ತೆ ನಗಲಿಲ್ಲ.

ಫೆಬ್ರವರಿಯಲ್ಲಿ ಜೌಗು ಯೋಜನೆಯವರು ಬಂದರು. ಹಾಳುಬಿದ್ದ ಸೀಗಡಿ ಕೆರೆಗಳಲ್ಲಿ ಮತ್ತೆ ಕಾಂಡ್ಲ ಬೆಳೆಸಿ, ಗದ್ದೆಯ ಬದಿಯಲ್ಲಿ ಉಳಿದ ಮೇಲಿನ ಕಾಡನ್ನೂ ಅಳಿವೆಯ ಬದಿಯ ಕೆಳಗಿನ ಕಾಡನ್ನೂ ಜೋಡಿಸುವ ಯೋಜನೆ. ಕೆರೆಗಳಿದ್ದ ಜಾಗವನ್ನು ಶೆಟ್ಟರ ಮನೆಯವರು ಅದಾಗಲೇ ಮಾರಿ ಕೈತೊಳೆದುಕೊಂಡಿದ್ದರು; ದಂಡೆಯ ರಸ್ತೆ ಮಾತ್ರ ಅವರ ಹೊಸ ಕಾಟೇಜುಗಳಿಗೆ ಹೋಗುವ ದಾರಿ. ಯೋಜನೆಯ ಅಧಿಕಾರಿ ಜಿತೇಂದ್ರ ಎಂಬ ಹುಡುಗಾಟದ ಮುಖದವರು, ಘಟ್ಟದ ಮೇಲಿನವರು. ಪಂಚಾಯತಿಯಲ್ಲಿ ಗೋಡೆಗೆ ನಕ್ಷೆ ಅಂಟಿಸಿ, ದಂಡೆಯ ಅಡಿಗೆ ಎರಡು ಪೈಪು ಹಾಕಿ ನೀರು ಬಿಡುತ್ತೇವೆ ಎಂದರು.

ನಾನು ಎದ್ದು ನಿಂತೆ. "ಪೈಪಗೆ ನೀರ್ ಹೋತ್ತ್ ಸರ್. ನೀರ್‌ನಾಯಿ ಹೋತಿಲ್ಲೆ."

"ಯಾಕಮ್ಮ?"

"ಭರತಕ್ಕೆ ಪೈಪ್ ಬಾಯಿವರೆಗೆ ತುಂಬತ್ತ್. ಮರಿ ಕಟ್ಕಂಡದ್ದ್ ಉಸ್ರ್ ಬಿಗಿಹಿಡ್ಕಂಡ್ ಆ ಕತ್ಲೆಗೆ ನುಗ್ಗತ್ತಾ? ರಸ್ತೆಗೆ ಹತ್ತತ್ತ್. ಹತ್ತಿದ್ದರ ಗತಿ ಹೊನ್ನೆಮರದ ಬುಡದಗ್ ಇತ್ತ್, ಬೇಕಾರೆ ತೋರ್ಸ್ತೆ."

ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹಾಕಿದರು. ಸಭೆಯೆಲ್ಲ ನಕ್ಕಿತು. ನಾನು ಕೂರಲಿಲ್ಲ. ದಂಡೆಯೊಳಗೆ ಹಳೆಯ ಬಾಗಿಲಿದೆ, ಅಗಲವಾದದ್ದು, ಅದನ್ನೇ ತೆರೆಯಿರಿ ಎಂದೆ. ಇಳಿತಕ್ಕೆ ತಳಗಲ್ಲಿನ ಅಂಚು ಒಣಗಿರುತ್ತದೆ, ಅದರ ಮೇಲೆ ನಡೆದೇ ದಾಟುತ್ತವೆ.

ಆಗ ಎದ್ದವರು ಉಮಾನಾಥ ಶೆಟ್ಟರು, ದೊಡ್ಡ ಶೆಟ್ಟರ ಮಗ. ಮುಂಬೈಯಲ್ಲಿ ಹೋಟೆಲು ಮಾಡಿ ಈಗ ಊರಿಗೆ ಬಂದು ಕಾಟೇಜು ಕಟ್ಟಿಸುತ್ತಿರುವವರು. "ಸರ್, ನಾನ್ ಹುಟ್ಟಿ ಬೆಳ್ದದ್ದ್ ಇಲ್ಲೇ. ಅಲ್ಲಿ ಯಾವ ಬಾಗ್ಲೂ ಇರ್ಲಿಲ್ಲೆ. ಖಾಲಿಪೀಲಿ ರಸ್ತೆ ಕಡಿಸ್ಬೇಡಿ."

ಜಿತೇಂದ್ರ ಇಬ್ಬರ ಮುಖವನ್ನೂ ನೋಡಿದರು. ಹೊಸ ಬಾಗಿಲು ಕಟ್ಟುವುದಾದರೆ ಅನುಮತಿಗೆ ವರ್ಷಗಟ್ಟಲೆ ಓಡಾಡಬೇಕು, ಯೋಜನೆಯೇ ಮುಗಿದುಹೋಗುತ್ತದೆ. ಹಳೆಯದು ನಿಜವಾಗಿಯೂ ಇದ್ದರೆ ದುರಸ್ತಿ ಎಂದು ಬರೆದು ನಾಳೆಯೇ ತೆರೆಯಬಹುದು ಎಂದರು. "ಮೇ ತಿಂಗಳ ಎರಡನೆಯ ಅಷ್ಟಮಿಯ ಮರುದಿನ ಜೆಸಿಬಿ ಬರುತ್ತದೆ. ಆವತ್ತು ಇಳಿತ ಇರುವಷ್ಟು ಹೊತ್ತು ನಿಮಗೆ. ಜಾಗ ತೋರಿಸಿ. ಸಿಕ್ಕಿದರೆ ಬಾಗಿಲು. ಸಿಗದಿದ್ದರೆ ಮಧ್ಯಾಹ್ನ ಪೈಪು."

ಅದರ ಹಿಂದಿನ ವಾರ ಶೆಟ್ಟರು ಕೋಟೇಶ್ವರಕ್ಕೆ ಬಂದು ನನ್ನ ಬುಟ್ಟಿಯ ಮುಂದೆ ಕಾರು ನಿಲ್ಲಿಸಿದರು.

"ಹ್ವಾಯ್ ಪದ್ದು, ಕಾಣೆ ಮೀನ್ ಇತ್ತಾ?"

"ಇತ್ತ್ ಶೆಟ್ರೆ. ಇವತ್ತಿನದ್ದೇ."

ಅಪ್ಪಯ್ಯ ಅವರ ಮನೆಯವರನ್ನು 'ಒಡೇರೆ' ಎಂದು ಕರೆಯುತ್ತಿದ್ದ. ನಾನು ಯಾವತ್ತೂ ಕರೆದವಳಲ್ಲ.

ಅವರು ಮೀನಿನ ಕಿವಿರು ಎತ್ತಿ ನೋಡಿದರು, ನೋಡಲು ಬಂದದ್ದು ಅದನ್ನಲ್ಲದಿದ್ದರೂ. "ನವೆಂಬರಗೆ ಕಾಟೇಜ್ ಶುರು. ದಿನಾ ಮೀನ್ ಬೇಕ್. ಬೇರೆಯವ್ರತ್ರ ಎಂತಕ್ಕೆ? ನೀನೇ ತಂದ್ ಕೊಡ್. ಇಲ್ಲಿ ಬಿಸ್ಲಗೆ ಕೂಕಂಬ್ದೂ ತಪ್ಪತ್ತ್."

"ಮತ್ತೆ?"

"ಮತ್ತೆಂತ? ಬಾಗ್ಲ್ ಬಾಗ್ಲ್ ಅಂಬ್ದ್ ನಿಲ್ಸ್. ಪೈಪ್ ಹಾಕ್ತ್ರಲೆ. ನಿನ್ನ ಅಪ್ಪಯ್ಯನ ನಾಯಿ ಪೈಪಗೇ ಹೋತ್ತ್ ಬಿಡ್."

"ನೀವ್ ಒಂದ್ಸಲ ಹೊಕ್ಕಿ ಹೊರ್ಗೆ ಬನ್ನಿ ಶೆಟ್ರೆ," ಎಂದೆ. "ಆಮೇಲ್ ಅದಕ್ ನಾನ್ ಹೇಳ್ತೆ."

ಸ್ನೇಹಲತಾ ಸೆರಗು ಬಾಯಿಗೆ ಒತ್ತಿಕೊಂಡಳು. ಶೆಟ್ಟರು ಮೀನು ತೆಗೆದುಕೊಳ್ಳದೆ ಹೋದರು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕಕ್ಕೆ ಏಳುವವಳ ನಿದ್ದೆ ಎಲ್ಲಿಗೆ ಹೋಗುತ್ತದೆ? ಆದರೆ ಮರುದಿನ ಬಿಸಿಲಲ್ಲಿ ಕೂತಾಗ ಅವರ ಮಾತು ಬೆನ್ನ ಮೇಲೆ ಸುಟ್ಟಿತು. ಮೋಕ್ಷಿತಾ ಮುಂದಿನ ವರ್ಷ ಕಾಲೇಜು. ದಿನಾ ಹೋಗುವ ಒಂದು ಮನೆ, ನೆರಳು, ಗ್ಯಾರಂಟಿ. ಬೇಡ ಎಂದದ್ದು ನಾನೇ. ಒಂದು ನಾಯಿಗಾಗಿ.

ಅಷ್ಟಮಿಯ ಮರುದಿನ ಬೆಳಿಗ್ಗೆ ದಂಡೆಯ ಮೇಲೆ ಅರ್ಧ ಕೇರಿ ಸೇರಿತ್ತು. ಜಿತೇಂದ್ರ ಗಡಿಯಾರ ನೋಡಿದರು. "ಹನ್ನೊಂದರ ನಂತರ ನೀರು ಏರುತ್ತದೆ." ಶೆಟ್ಟರು ತಮ್ಮ ಜೊತೆ ಒಬ್ಬ ಸಾಕ್ಷಿಯನ್ನೂ ಕರೆತಂದಿದ್ದರು. ಯಾರು ಎಂದು ನೋಡಿದರೆ ತಿಮ್ಮ! ಎಂಬತ್ತರ ಹತ್ತಿರದ ಪ್ರಾಯ, ಕೋಲು ಊರಿಕೊಂಡು. ಅವನ ಗುಡಿಸಲು ಇರುವುದು ಶೆಟ್ಟರ ಜಾಗದಲ್ಲಿ.

"ತಿಮ್ಮ, ದಂಡೆಗೆ ಮಣ್ಣ್ ಹೊತ್ತವ ನೀನಲ್ದಾ? ಬಾಗ್ಲ್ ಇದ್ದಿತ್ತಾ?" ಎಂದು ಶೆಟ್ಟರು ಕೇಳಿದರು.

ತಿಮ್ಮ ನನ್ನನ್ನು ನೋಡಲಿಲ್ಲ. "ನಂಗ್ ನೆನ್ಪಿಲ್ಲೆ ಒಡೇರೆ."

ಇಡೀ ಊರಿಗೆ ನೀರುನಾಯಿಯ ಕಥೆ ಹಂಚಿದವನಿಗೆ ಬಾಗಿಲು ನೆನಪಿಲ್ಲ. ಸಿಟ್ಟಿನಲ್ಲೇ ಹೊನ್ನೆಮರದ ಬುಡಕ್ಕೆ ಹೋದೆ. ಬಲೆಯ ಹಗ್ಗ ಅಳೆಯುವ ಹಾಗೆ ಕೈ ಚಾಚಿ ಅಳೆಯಲು ಶುರುಮಾಡಿದೆ. ಒಂದು, ಎರಡು, ಮೂರು. ಹನ್ನೆರಡಕ್ಕೆ ನಿಂತು ಕಾಲಿನಲ್ಲಿ ಗೆರೆ ಎಳೆದೆ. "ಇಲ್ಲಿ."

ಜೆಸಿಬಿಯ ಚಂದ್ರ ನಮ್ಮ ಕೇರಿಯವನೇ. ಜಲ್ಲಿ ಕೆರೆದ, ಕೆಂಪು ಮಣ್ಣು ಎತ್ತಿದ. ಒಂದು ಆಳು ಆಳ. ಎರಡು ಆಳು ಆಳ. ಮಣ್ಣು, ಮತ್ತೂ ಮಣ್ಣು, ಕೊನೆಗೆ ಕಪ್ಪು ಕೆಸರು. ಒಂದು ಕಲ್ಲಿಲ್ಲ.

"ಅಕ್ಕ, ಇಲ್ಲಿ ಎಂತದೂ ಇಲ್ಲೆ," ಎಂದು ಚಂದ್ರ ಮೆಲ್ಲಗೆ ಹೇಳಿದ.

"ನಾಯಿಯತ್ರ ಕೇಣಿ, ಗೊತ್ತಿಕ್ಕ್!" ಎಂದು ಯಾರೋ ಕೂಗಿದರು. ಶೆಟ್ಟರು ನಗಲಿಲ್ಲ. ಜಿತೇಂದ್ರರ ಹೆಗಲ ಮೇಲೆ ಕೈಯಿಟ್ಟು, "ಮುಚ್ಚಿಸಿ ಸರ್. ಪಾಪ, ಅಪ್ಪನ ಮೇಲಿನ ಪ್ರೀತಿ," ಎಂದರು. ಆ 'ಪಾಪ' ನನಗೆ ಸಿಳ್ಳೆಗಿಂತ ಜೋರಾಗಿ ಕೇಳಿಸಿತು.

ನಾನು ಗುಂಡಿಗೆ ಇಳಿದೆ. ಇಳಿದು ನಡುವೆ ನಿಂತೆ. "ಮುಚ್ಚುದಾರೆ ನನ್ನ ಸಮೇತ ಮುಚ್ಚ್ ಚಂದ್ರ. ಹನ್ನೊಂದ್ ಇನ್ನೂ ಆಯ್ಲಿಲ್ಲೆ."

"ಅಮ್ಮ, ಮೇಲೆ ಬನ್ನಿ, ದಂಡೆ ಕುಸಿಯುತ್ತದೆ," ಎಂದರು ಜಿತೇಂದ್ರ.

"ಕುಸಿಲಿ. ಎಷ್ಟ್ ವರ್ಷ ನಿಂತಿತ್ತಲೆ ಸರ್, ಸುಸ್ತಾಯ್ದಿರ್ಕ್."

ಆಗ ತಿಮ್ಮ ಗುಂಡಿಯ ಅಂಚಿಗೆ ಬಂದ. ಕೋಲನ್ನು ನನ್ನ ಕಡೆ ತೋರಿಸಿ, ಎಲ್ಲರಿಗೂ ಕೇಳುವ ಹಾಗೆ ಲೇವಡಿ ಮಾಡಿದ: "ಅಳೆಯೂಕ್ ಬಂದ್ಳ್ ಕಾಣಿ! ಗುಡ್ಡನ ಭುಜದಷ್ಟ್ ಎತ್ರ ಇಲ್ಲೆ, ಮಾರ್ ಹಾಕ್ತಳಂಬ್ರ್! ನಿನ್ನ ಕೈ ಎಷ್ಟುದ್ದ ಇತ್ತ್ ಹೆಣ್ಣೆ?"

ಜನ ಮತ್ತೆ ನಕ್ಕರು. ಶೆಟ್ಟರೂ ಈ ಸಲ ನಕ್ಕರು. ತಿಮ್ಮ ಮಾತ್ರ ನಗುತ್ತಿರಲಿಲ್ಲ. ಅವತ್ತು ಮೊದಲ ಸಲ ನನ್ನ ಕಣ್ಣನ್ನೇ ನೋಡುತ್ತಿದ್ದ.

ಆಗ ನನ್ನ ತಲೆಗೆ ಹೋಯಿತು. ಎಂತಹ ದಡ್ಡಿ ನಾನು. ಹನ್ನೆರಡು ಮಾರು ಎಂದದ್ದು ಅಪ್ಪಯ್ಯ. ಅಳೆದದ್ದು ಅಪ್ಪಯ್ಯನ ಕೈ.

ಗುಂಡಿಯಿಂದ ಹತ್ತಿದೆ. "ಸ್ನೇಹಲತಾ, ನಾನ್ ಈಗ್ ಬತ್ತೆ. ಅಷ್ಟರವರೆಗೆ ನೀ ಇಳಿ."

"ನಾನಾ? ಹೊಸ ಸೀರೆ ಮಾರಾಯ್ತಿ!" ಎಂದಳು. ಎಂದವಳು ಸೀರೆ ಎತ್ತಿ ಸಿಕ್ಕಿಸಿ ಇಳಿದೇಬಿಟ್ಟಳು. ಅವಳ ಹಿಂದೆ ಮೀನಿನ ಸಾಲಿನ ಇನ್ನೂ ಇಬ್ಬರು.

ಅಪ್ಪಯ್ಯನ ಬೀಸುಬಲೆ ಹೋಗಿ ವರ್ಷಗಳಾದವು. ಅದರ ಹಗ್ಗ ನಮ್ಮ ಹಿತ್ತಿಲಲ್ಲಿದೆ, ಬಟ್ಟೆ ಒಣಗಿಸಲು. ನಾಲ್ಕು ಮಾರು. ಅದಕ್ಕಿಂತ ಒಂದು ಬೆರಳು ಹೆಚ್ಚು ಕಡಿಮೆಯಾದರೂ ತನ್ನ ಬಲೆ ತನ್ನ ಮಾತು ಕೇಳುವುದಿಲ್ಲ ಎಂದು, ಹೊಸ ಹಗ್ಗ ತಂದಾಗಲೆಲ್ಲ ಕೈ ಚಾಚಿ ನಾಲ್ಕು ಸಲ ಅಳೆದೇ ಕತ್ತರಿಸುತ್ತಿದ್ದ. ಹಿತ್ತಿಲಿಗೆ ಅದು ಉದ್ದವಾಗಿತ್ತು. ಉಳಿದದ್ದನ್ನು ಕತ್ತರಿಸಲು ಮನಸ್ಸಾಗದೆ ತೆಂಗಿನ ಮರಕ್ಕೆ ಸುತ್ತಿ ಗಂಟು ಹಾಕಿದ್ದೆ. ಶಾಲೆ ಶುರುವಾಗುತ್ತದೆಂದು ಒಗೆದು ಒಣಗಲು ಹಾಕಿದ ಯೂನಿಫಾರ್ಮನ್ನು ಬಾವಿಕಟ್ಟೆಗೆ ಎಸೆದೆ. ಬಿಸಿಲಿಗೆ ಬಿಗಿದ ಗಂಟು, ಉಗುರಿಗೆ ಬಗ್ಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ.

ನಾನು ಓಡಿ ಬರುವಾಗ ಹತ್ತೂಕಾಲು. ಗುಂಡಿಯಲ್ಲಿ ಮೂವರು ಹೆಂಗಸರು ನಿಂತು ಚಂದ್ರನಿಗೆ ಹೆಣ್ಣು ಹುಡುಕುವ ಮಾತಾಡುತ್ತಿದ್ದರು. ಅವನು ಯಂತ್ರ ನಿಲ್ಲಿಸಿ ತಲೆ ತಗ್ಗಿಸಿ ಕೂತಿದ್ದ.

"ಇದೆಂತ ನಾಟ್ಕ?" ಎಂದರು ಶೆಟ್ಟರು.

"ಅಪ್ಪಯ್ಯನ ಕೈ," ಎಂದೆ.

ಹಗ್ಗದ ಒಂದು ತುದಿಯನ್ನು ಹೊನ್ನೆಮರದ ಬುಡದಲ್ಲಿ ಹಿಡಿಯಲು ಜಿತೇಂದ್ರರಿಗೇ ಹೇಳಿದೆ. ಸಾಹೇಬರು ಮಣ್ಣಲ್ಲಿ ಕುಕ್ಕರಗಾಲಲ್ಲಿ ಕೂತು ಹಿಡಿದರು. ಒಂದು ಸಲ ಎಳೆದೆ, ನಾಲ್ಕು. ಇನ್ನೊಂದು ಸಲ, ಎಂಟು. ಮೂರನೆಯ ಸಲದ ತುದಿ ಬಂದು ನಿಂತದ್ದು ನನ್ನ ಗುಂಡಿಯಿಂದ ಎಷ್ಟೋ ಆಚೆ. ನಾನು ಮಲಗಿದರೆ ಎರಡು ಸಲ ಹಿಡಿಸುವಷ್ಟು ದೂರ.

ಚಂದ್ರ ಯಂತ್ರ ತಿರುಗಿಸಿದ. ಜಲ್ಲಿ ಹೋಯಿತು. ಮಣ್ಣು ಹೋಯಿತು. ಒಂದು ಆಳಿನಷ್ಟೂ ಇಳಿದಿರಲಿಲ್ಲ, ಬಕೆಟ್ಟಿನ ಹಲ್ಲು ಕಿರ್ ಎಂದು ಕಿರುಚಿ ನಿಂತಿತು. ನಾನೂ ಸ್ನೇಹಲತಾಳೂ ಕೈಯಲ್ಲೇ ಮಣ್ಣು ಬಾಚಿದೆವು. ಮುರಕಲ್ಲಿನ ಕಂಬದ ತಲೆ, ಮೂರು ಬೆರಳು ಅಗಲದ ಗೀರು. ಗೀರಿನೊಳಗೆ ಕರ್ರಗೆ ಒಂದು ಹಲಗೆಯ ತುಂಡು. ಗೀರಿಗೆ ಬೆರಳು ಹಾಕಿದೆ. ಅಪ್ಪಯ್ಯ ಸವರಿ ಸವರಿ ನುಣುಪಾಗಿತ್ತು.

ಶೆಟ್ಟರು ತಿಮ್ಮನ ಕಡೆ ತಿರುಗಿದರು. "ನೆನ್ಪಿಲ್ಲೆ ಅಂದೆಯಲ್ಲಾ?"

"ಈಗ್ ನೆನ್ಪ್ ಬಂತ್ ಒಡೇರೆ," ಎಂದ ತಿಮ್ಮ.

"ಮತ್ ನನ್ನ ರಸ್ತೆ?"

ಅದಕ್ಕೆ ನಾನೇ ಹೇಳಿದೆ. "ಮೇಲೆ ಚಪ್ಪಡಿ ಹಾಕ್ತ್ರ್ ಶೆಟ್ರೆ. ನಿಮ್ಮ ಕಾರ್ ಮೇಲೆ, ಅವು ಕೆಳ್ಗೆ. ದಿನಾ ಮೀನ್ ತಂದ್ ಕೊಡೂಕೆ ಬೇರೆ ಯಾರಾರೂ ಸಿಕ್ತ್ರ್. ನಂಗೆ ಬಿಸ್ಲ್ ಅಭ್ಯಾಸ ಇತ್ತ್."

ಜಿತೇಂದ್ರ ಕಂಬದ ಫೋಟೋ ತೆಗೆದು, ಅಲ್ಲೇ ನಿಂತು 'ದುರಸ್ತಿ' ಎಂದು ಬರೆದರು. ಹನ್ನೊಂದು ಮುಕ್ಕಾಲಕ್ಕೆ ಎರಡು ಕಂಬಗಳ ನಡುವಿನ ಮಣ್ಣು ಪೂರ್ತಿ ಹೋಯಿತು. ನೀರು ಅಬ್ಬರಿಸಿಕೊಂಡೇನೂ ಬರಲಿಲ್ಲ. ಮೊದಲು ಕೆಸರು ಒದ್ದೆಯಾಯಿತು, ಆಮೇಲೆ ಒಂದು ಬೆರಳು ದಪ್ಪದ ನೀರು, ಅದರ ಹಿಂದೆ ಕಸ ಕಡ್ಡಿ ನೊರೆ. ತಳಗಲ್ಲು ದಾಟಿ, ಒಣಗಿ ಬಿರಿದ ಸೀಗಡಿ ಕೆರೆಯೊಳಗೆ ದಾರಿ ಕೇಳಿಕೊಂಡು ಹೋದ ಹಾಗೆ ಹೋಯಿತು.

ಕೆಲವರು ಚಪ್ಪಾಳೆ ತಟ್ಟಿದರು. ನಾನು ಹಗ್ಗ ಸುತ್ತಿಕೊಂಡು ಮನೆಗೆ ಹೋದೆ. ಯೂನಿಫಾರ್ಮ್ ಮತ್ತೆ ಒಗೆಯಬೇಕಿತ್ತು.

ಚಪ್ಪಡಿ ಬಂದದ್ದು ಮೇ ಕೊನೆಗೆ. ಹಲಗೆಯ ಕೆಲಸ ಈಗ ನನ್ನದು. ಮಳೆ ಮುಗಿದ ಮೇಲೆ ಮೇಲಿನ ಕೆರೆಯಲ್ಲಿ ಕಾಂಡ್ಲದ ಸಸಿ ತಾವಾಗಿಯೇ ತಲೆ ಎತ್ತಿದವು. ಯಾರೂ ನೆಟ್ಟದ್ದಲ್ಲ, ನೀರು ಹೊತ್ತು ತಂದ ಬೀಜ. ನವೆಂಬರಿನಲ್ಲಿ ಶೆಟ್ಟರ ಕಾಟೇಜಿಗೆ ದೀಪ ಹತ್ತಿತು. ಮೀನು ಕೊಡುವವಳು ಸ್ನೇಹಲತಾ. ಕೊಡಲಿ, ಅವಳ ಹೊಸ ಸೀರೆಯನ್ನು ನಾನೇ ಕೆಸರು ಮಾಡಿಸಿದ್ದೆ.

ಡಿಸೆಂಬರಿನ ಒಂದು ಅಷ್ಟಮಿ, ತಳದ ಹಲಗೆಯನ್ನು ಒಂದು ಗೇಣು ಎತ್ತಿಟ್ಟು, ಮರುದಿನ ಬೆಳಗಾಗುವಾಗ ನೋಡಲು ಹೋದೆ. ಚಪ್ಪಡಿಯ ಅಡಿಯಲ್ಲಿ, ತಳಗಲ್ಲಿನ ಒಣ ಅಂಚಿನ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಬಿದ್ದಿತ್ತು. ಅದರ ಪಕ್ಕದ ಕೆಸರಲ್ಲಿ ಹೆಜ್ಜೆ, ಒಂದು ದೊಡ್ಡದು, ಎರಡು ಸಣ್ಣದು. ಮೂರೂ ಮೇಲಿನ ಕಾಂಡ್ಲದ ಕಡೆಗೆ ಹೋಗಿದ್ದವು. ರಸ್ತೆ ಹತ್ತಿರಲಿಲ್ಲ.

ಎರಡು ವರ್ಷ ಎಂದು ಅಪ್ಪಯ್ಯ ಕೊಟ್ಟ ಮಾತು ಮೂವತ್ತೆರಡನೆಯ ವರ್ಷದಲ್ಲಿ ನಡೆಯಿತು.